ಸ್ಟೇಡಿಯಂಗೆಂದು ಇಟ್ಟ ಹಿಡಿ ಜೋಳ

ನಮ್ಮ ಮನೆಯ ಪೂಜೆಯ ಕೋಣೆಗೆ ಒಂದು ಕಿಟಕಿ ಇದೆ. ಕಿಟಕಿಯ ಆಚೆ ಕ್ಲಬ್ಬಿನ ಮೈದಾನ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ನನ್ನ ಕಣ್ಣು ಲಿಂಗದ ಮೇಲಿರುತ್ತದೆ, ಕಿವಿ ಮಾತ್ರ ಹೊರಗೆ ಹೋಗುತ್ತದೆ. ಹೋಗಬಾರದು ಎಂದು ನನಗೂ ಗೊತ್ತು. ಆದರೆ ಸೊಸೆ ಸೀಟಿ ಊದುತ್ತಾಳೆ, ಹುಡುಗಿಯರು "ಖೋ" ಎಂದು ಕೂಗುತ್ತಾರೆ, ಯಾರೋ ಬೀಳುತ್ತಾರೆ, ಎಲ್ಲರೂ ನಗುತ್ತಾರೆ. ಇಷ್ಟು ವರ್ಷವಾದರೂ ಕಿವಿಗೆ ಬುದ್ಧಿ ಹೇಳಲು ನನ್ನಿಂದ ಆಗಿಲ್ಲ. ಪೂಜೆ ಮುಗಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವ ರೂಢಿ ನನಗೆ ತಾಯಿಯಿಂದ ಬಂದದ್ದು. ನಳಕ್ಕೆ ನೀರು ಬಂತು, ಒಂದು. ನಮ್ಮ ಮನೆಯವರ ಮೊಣಕಾಲು ನೋವು ಇವತ್ತು ಕಡಿಮೆ, ಎರಡು. ಸೀಟಿಯ ಸದ್ದು ಕೇಳಿತು, ಮೂರು. ಮೂರನೆಯದು ದಿನಾ ಇರುತ್ತದೆ.

ನಾನು ಹುಟ್ಟಿದ್ದು ಜೇವರ್ಗಿಯ ಕಡೆ, ಯಡ್ರಾಮಿಯಲ್ಲಿ. ಮದುವೆಯಾಗಿ ಅಫಜಲಪುರಕ್ಕೆ ಬಂದಾಗ ಈ ಮೈದಾನ ನಮ್ಮ ಮಾವನವರ ಕಣವಾಗಿತ್ತು. ಸುಗ್ಗಿಯಲ್ಲಿ ಜೋಳದ ರಾಶಿ, ತೊಗರಿಯ ರಾಶಿ ಅಲ್ಲೇ ಆಗುತ್ತಿದ್ದವು. ಆಮೇಲೆ ರಾಶಿ ಮಾಡುವ ಮಶೀನು ಹೊಲಕ್ಕೇ ಹೋಗತೊಡಗಿತು, ಕಣ ಖಾಲಿ ಬಿತ್ತು. ನಮ್ಮ ಮನೆಯವರೂ ಅವರ ಗೆಳೆಯರೂ ಆಗ ಕಬಡ್ಡಿ ಹುಚ್ಚಿನವರು. ಮಾವನವರು ಬೈದುಕೊಂಡೇ ಆ ಜಾಗವನ್ನು ಕ್ಲಬ್ಬಿನ ಹೆಸರಿಗೆ ಬರೆದುಕೊಟ್ಟರು. ಅಲ್ಲೇ ಆಡುತ್ತಾ ನಮ್ಮ ಮನೆಯವರ ಮೊಣಕಾಲು ಮುರಿಯಿತು. ಗೆದ್ದ ಶೀಲ್ಡುಗಳು ಪಡಸಾಲೆಯ ಗೋಡೆಯ ಮೇಲಿವೆ. ಹದಿನೈದು ದಿನಕ್ಕೊಮ್ಮೆ ನಾನೇ ಧೂಳು ಒರೆಸುತ್ತೇನೆ.

ಈಗ ಕ್ಲಬ್ಬಿನ ಗಂಡಸರಲ್ಲಿ ಓಡುವವರು ಯಾರೂ ಉಳಿದಿಲ್ಲ. ಓಡುವವರೆಂದರೆ ಸೊಸೆಯ ಖೋ ಖೋ ಹುಡುಗಿಯರು. ಸೊಸೆ ಆಳಂದದ ಕಡೆಯವಳು, ನರೋಣಾದವಳು. ಹೆಣ್ಣು ನೋಡಲು ಹೋದಾಗ ಚಹಾದ ತಟ್ಟೆ ಕೆಳಗಿಟ್ಟು, "ನಾ ಖೋ ಖೋ ಬಿಡಂಗಿಲ್ರಿ, ಅದೊಂದು ಮಾತು ಮೊದಲೇ ಹೇಳ್ತೇನಿ" ಎಂದಿದ್ದಳು. ನಮ್ಮ ಮನೆಯವರು ಅಲ್ಲೇ ಎದ್ದು ನಿಂತು ಒಪ್ಪಿಕೊಂಡರು. ನನಗೆ ಒಪ್ಪಲು ಒಂದು ವರ್ಷ ಹಿಡಿಯಿತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನನ್ನು ಯಾರೂ ಏನೂ ಕೇಳಲಿಲ್ಲ.

ಖೋ ಖೋ ಆಟಕ್ಕೆ ಕಣದಲ್ಲಿ ಒಂಬತ್ತು ಜನ ಬೇಕು, ತಂಡಕ್ಕೆ ಹನ್ನೆರಡು. ಸೊಸೆಯ ಹತ್ತಿರ ಆ ವರ್ಷ ಹದಿಮೂರು ಹುಡುಗಿಯರಿದ್ದರು. ಇಬ್ಬರು ಬಿಟ್ಟರೆ ತಂಡವಿಲ್ಲ. ಯಾವ ಮನೆಯಲ್ಲಿ ಮದುವೆಯ ಮಾತು ಬಂತು, ಯಾವ ತಾಯಿಗೆ ಜ್ವರ ಬಂದು ಹುಡುಗಿ ಅಡಿಗೆಗೆ ನಿಂತಳು ಎಂದು ಅವಳು ದಿನಾ ಲೆಕ್ಕ ಹಾಕುತ್ತಿದ್ದಳು. ರೊಟ್ಟಿ ತಟ್ಟುವಾಗಲೂ ಅದೇ ಮಾತು. "ಹದಿಮೂರು ಅದಾರ ಅತ್ತಿ, ಹದಿಮೂರು" ಎನ್ನುತ್ತಿದ್ದಳು, ಹಾಲು ಉಕ್ಕದ ಹಾಗೆ ಕಾಯುವವರಂತೆ.

ಸ್ಟೇಡಿಯಂ ಮಾತು ನಮ್ಮ ಮನೆಯಲ್ಲಿ ಬಹಳ ಹಳೆಯದು. ಎಲ್ಲೋ ಪಂದ್ಯಕ್ಕೆ ಹೋದಾಗ ಮನೆಯವರು ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ತಗಡಿನ ನೆರಳು, ಕಬ್ಬಿಣದ ಗೇಟು ನೋಡಿ ಬಂದಿದ್ದರು. ಅಂದಿನಿಂದ ಅರ್ಜಿ ಬರೆದದ್ದೇ ಬರೆದದ್ದು. ಅರ್ಜಿ ತೆಗೆದುಕೊಂಡವರೆಲ್ಲ ಚಹಾ ಕುಡಿಸಿ ಕಳುಹಿಸಿದರು. ಅದೂ ಒಂದು ಉಪಕಾರವೇ, ಬೈದು ಕಳುಹಿಸಲಿಲ್ಲ. ಕೊನೆಗೆ ಒಂದು ದಿನ ಮನೆಯವರು ಅಂಗಳದಲ್ಲಿ ಕ್ಲಬ್ಬಿನವರನ್ನು ಕೂರಿಸಿ, "ಇನ್ನ ಯಾರ ಮುಂದೂ ಕೈ ಒಡ್ಡೋದು ಬ್ಯಾಡ. ನಮ್ಮ ಸ್ಟೇಡಿಯಂ ನಾವೇ ಕಟ್ಟೋಣು" ಎಂದರು. ಮುಂದೆ ನಕ್ಷೆ ಹಾಸಿದ್ದರು. ಮೊದಲು ಸುತ್ತಲೂ ಆಳೆತ್ತರದ ಗೋಡೆ ಮತ್ತು ಕಮಾನಿನ ಗೇಟು, ಆಮೇಲೆ ಮೆಟ್ಟಿಲು.

ಕ್ಲಬ್ಬಿನಲ್ಲಿ ಒಬ್ಬ ದರ್ಜಿ ಇದ್ದಾರೆ. ಮನೆಯವರ ಜೊತೆ ಕಬಡ್ಡಿ ಆಡಿದವರು, ಈಗಲೂ ಅವರಿಗೆ ಲೇ ಎನ್ನುವ ಏಕೈಕ ಮನುಷ್ಯ. ಮನೆಯಲ್ಲಿ ಎಲ್ಲರೂ ಅವರನ್ನು ದರ್ಜಿ ಕಾಕಾ ಎನ್ನುತ್ತೇವೆ. ಅವರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು:

"ಲೇ, ಈ ಮೆಟ್ಟಿಲದ ಮ್ಯಾಲ ಕುಂದ್ರಾವ್ರು ಯಾರು?"

"ಮಂದಿ."

"ಯಾವ ಮಂದಿ? ನಮ್ಮ ಫೈನಲ್ ಮ್ಯಾಚಿಗೆ ನಿಮ್ಮಪ್ಪ ಒಬ್ಬನೇ ಬಂದಿದ್ದ. ಅವನೂ ದನಾ ಹುಡುಕ್ಕೋತ ಬಂದಿದ್ದ."

ಎಲ್ಲರೂ ನಕ್ಕರು, ಮನೆಯವರೂ ನಕ್ಕರು. ಆದರೆ ಮಾತು ಬಿಡಲಿಲ್ಲ. ಹಣ ಎಲ್ಲಿಂದ ಎಂದು ಯಾರೋ ಕೇಳಿದಾಗ ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಇಕಿ ದಿನಾ ಮುಂಜಾನೆ ಮಠದ ದಾಸೋಹಕ್ಕ ಒಂದು ಹಿಡಿ ಜ್ವಾಳ ತಗದಿಡ್ತಾಳ. ನಿಮ್ಮ ನಿಮ್ಮ ಮನ್ಯಾಗೂ ಇಡ್ತಾರ. ಹಿಡಿ ಜ್ವಾಳದಾಗ ಮಠದ ದಾಸೋಹ ನಡದಾದ. ಸ್ಟೇಡಿಯಂ ಯಾಕ ನಡ್ಯಂಗಿಲ್ಲ?"

ನಮ್ಮ ಕಡೆ ಹಿಡಿ ಜೋಳ ಎಂದರೆ ಹೀಗೆ: ರೊಟ್ಟಿಗೆ ಜೋಳ ತೆಗೆಯುವಾಗ ಮೊದಲ ಹಿಡಿ ಬೇರೆ ಪಾತ್ರೆಗೆ. ಶ್ರಾವಣದಲ್ಲಿ ಮಠದವರು ಬಂದು ಒಯ್ಯುತ್ತಾರೆ, ಅದರಲ್ಲಿ ಬಂದವರಿಗೆಲ್ಲ ಊಟ. ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಹೀಗಾಗಿ ಎರಡನೆಯ ಹಿಡಿಗೂ ಯಾರೂ ಬೇಡ ಎನ್ನಲಿಲ್ಲ. ಯುಗಾದಿ ಮುಗಿದ ಮೇಲೆ ಶುರುವಾಯಿತು. ವಾರಕ್ಕೊಮ್ಮೆ ಖೋ ಖೋ ಹುಡುಗಿಯರು ಓಣಿ ಓಣಿ ತಿರುಗಿ ಜೋಳ ತರುತ್ತಿದ್ದರು. ನಮ್ಮ ಒಳಕೋಣೆಗೆ ತೇವ ಬರುವುದಿಲ್ಲ, ಆದ್ದರಿಂದ ಚೀಲಗಳು ಅಲ್ಲೇ ಕೂತವು.

ಸೊಸೆಗೆ ಬೇಕಾಗಿದ್ದದ್ದು ಗೋಡೆ. ಸಂಜೆ ಕೆಲವರು ಬೈಕು ತಂದು ಮೈದಾನದ ಅಂಚಿಗೆ ನಿಲ್ಲಿಸಿ, ಹುಡುಗಿಯರು ಓಡುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಅವಳು ಎರಡು ಸಲ ಜಗಳವಾಡಿ ಓಡಿಸಿದ್ದಳು. "ಮೆಟ್ಟಿಲಾ, ಕಮಾನಾ ಎಲ್ಲಾ ಮಾವಗ ಇರ್ಲಿ. ನನಗ ಗ್ವಾಡಿ ಒಂದು ಆದ್ರ ಸಾಕು ಅತ್ತಿ" ಎನ್ನುತ್ತಿದ್ದಳು. ನನಗೂ ಅದು ಸರಿಯೆನಿಸಿತ್ತು. ಹೆಣ್ಣುಮಕ್ಕಳಿಗೆ ಮರೆ ಬೇಕು ಎಂದು ಯಾರಿಗೆ ಅನಿಸುವುದಿಲ್ಲ?

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ದಾಸೋಹದ ಜೋಳವನ್ನು ನಾನು ಮೊದಲಿನಿಂದಲೂ ಒಳಕೋಣೆಯ ಬಲಗಡೆ, ಗೋಡೆಗೆ ತಗುಲಿದ ಕಲ್ಲಿನ ಜಗಲಿಯ ಕೆಳಗೆ ಇಡುತ್ತಿದ್ದೆ. ಸ್ಟೇಡಿಯಂ ಚೀಲಗಳು ಹೆಚ್ಚಾದಾಗ ಅವನ್ನು ಅಲ್ಲಿ ಸಾಲಾಗಿ ಇಟ್ಟು, ದಾಸೋಹದ ಒಂದು ಚೀಲವನ್ನು ಎಡಗಡೆ ಬಾಗಿಲ ಹಿಂದೆ ಸರಿಸಿದೆ. ಗುರುತಿಗೆ ಅದಕ್ಕೆ ವಿಭೂತಿ ಹಚ್ಚಿದೆ. ಶ್ರಾವಣದ ಮೊದಲ ಸೋಮವಾರ ನಾನು ಲಿಂಗಪೂಜೆಗೆ ಕೂತಿದ್ದೆ. ಸೊಸೆ ಮೈದಾನದಲ್ಲಿ, ಮನೆಯವರು ಚಹಾ ಕುಡಿಯಲು ಬಸ್‌ಸ್ಟ್ಯಾಂಡ್ ಕಡೆ. ಮಠದ ಅಡಿಗೆಯವರು ಟಂಟಂ ಗಾಡಿ ತಂದು ಅಂಗಳದಲ್ಲಿ ನಿಂತರು. ವಯಸ್ಸಾದ ಮನುಷ್ಯ, ಪ್ರತಿ ವರ್ಷ ಅವರೇ ಬರುವುದು.

"ಅವ್ವಾ, ದಾಸೋಹದ ಜ್ವಾಳ ಎಲ್ಲಿ ಅದರಿ?"

ಲಿಂಗ ಅಂಗೈಯಲ್ಲಿರುವಾಗ ನಾನು ಮಾತಾಡುವುದಿಲ್ಲ. ಯಡ್ರಾಮಿಯಲ್ಲಿ ನಮ್ಮ ತಾಯಿ ಮನೆಗೆ ಹಾವು ಬಂದಾಗಲೂ ಮಾತಾಡಿರಲಿಲ್ಲ, ಕೈಯಲ್ಲೇ ತೋರಿಸಿದ್ದಳು. ನಾನೂ ಬಲಗೈ ಎತ್ತಿ ಒಳಕೋಣೆಯ ಕಡೆ, ಬಲಗಡೆಗೆ ತೋರಿಸಿದೆ. ತಲೆಗೆ ಚೀಲ ಸರಿಸಿದ್ದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ತೋರಿಸಿದ ಜಾಗವನ್ನೇ ಅದು ತೋರಿಸಿತು. ಅವರು ಒಂದೊಂದೇ ಚೀಲ ಹೊತ್ತು ಗಾಡಿಗೆ ಹಾಕಿದರು. ಹೋಗುವಾಗ "ಈ ಸಲ ಭಾಳ ಕೊಟ್ರಿ ಅವ್ವಾ, ಶಿವಾ ಚೊಲೊ ಮಾಡ್ಲಿ" ಎಂದು ಕೂಗಿದರು. ಹಿರಿಯರು ಪ್ರೀತಿಗೆ ಹಾಗೆ ಹೇಳುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿ ಜಪ ಮುಂದುವರಿಸಿದೆ. ಆ ದಿನ ಬೆರಳೆಣಿಸುವಾಗ ಅದನ್ನೂ ಒಂದು ಗೆಣ್ಣಿಗೆ ಸೇರಿಸಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಮನೆಯವರು ಕಾಳು ಕೊಳ್ಳುವ ಅಡತಿ ಅಂಗಡಿಯ ಹಮಾಲನನ್ನು ಕರೆದುಕೊಂಡು ಬಂದರು. ಶ್ರಾವಣ ಒಳ್ಳೆಯ ಮಾಸ, ಜೋಳ ಮಾರಿ ಗೋಡೆಗೆ ಪಾಯ ಹಾಕಿಬಿಡೋಣ ಎಂದು ಅವರ ಆತುರ. ಒಳಗೆ ಹೋದವರು ಹಾಗೇ ಹೊರಗೆ ಬಂದರು.

"ಏನಬೇ, ಚೀಲ ಎಲ್ಲಿಟ್ಟಿ?"

"ಅಲ್ಲೇ ಅದಾವಲ್ರಿ."

"ಅಲ್ಲಿ ಒಂದೇ ಅದ. ಅದರ ಮ್ಯಾಲ ವಿಭೂತಿ ಅದ."

ನಾನು ಎದ್ದು ಹೋಗಿ ನೋಡಿದೆ. ಬಲಗಡೆ ನೆಲದ ಫರಸಿ ಕಲ್ಲು ಬಿಟ್ಟರೆ ಏನೂ ಇಲ್ಲ. ಅಲ್ಲಲ್ಲಿ ನಾಲ್ಕು ಕಾಳು. ನಾನು ಅಲ್ಲೇ ಕೂತೆ. ಬಾಯಿಗೆ ಬಂದದ್ದು ಒಂದೇ ಮಾತು: "ನನ್ನ ಕೈ ತಪ್ಪಿತ್ರಿ."

ಹಮಾಲ ಬರಿಗೈಯಲ್ಲಿ ಹೋದ. ಸುದ್ದಿ ಅವನಿಗಿಂತ ಮೊದಲು ಬಜಾರ ಮುಟ್ಟಿರಬೇಕು, ದರ್ಜಿ ಕಾಕಾ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬಂದರು. "ಲೇ, ನಿನ್ನ ಸ್ಟೇಡಿಯಂ ನಾಳಿ ಸಂಗಟಿ ಆಗಿ ಮಂದಿ ಹೊಟ್ಯಾಗ ಇರ್ತದ" ಎಂದರು. ಮನೆಯವರು ನಗಲಿಲ್ಲ. ಬೈಯಲೂ ಇಲ್ಲ. ಶೀಲ್ಡುಗಳ ಕೆಳಗೆ ಕುರ್ಚಿ ಹಾಕಿಕೊಂಡು ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂಜೆ ಮೈದಾನದಿಂದ ಬಂದ ಸೊಸೆಯನ್ನು ಕರೆದುಕೊಂಡು ನಾನು ಮಠಕ್ಕೆ ಹೋದೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಜೋಳ ದೊಡ್ಡ ಕಣಜಕ್ಕೆ ಸುರಿದಾಗಿತ್ತು, ಎಲ್ಲರ ಜೋಳದ ಜೊತೆ ಬೆರೆತುಹೋಗಿತ್ತು. ಅಡಿಗೆಯವರು ಕೇಳಿ ಗಾಬರಿಯಾದರು.

"ತಪ್ಪಾತ್ರಿ ಅವ್ವಾ. ನಾ ಕೇಳಬೇಕಾಗಿತ್ತು. ಎಷ್ಟಿತ್ತೋ ಅಷ್ಟು ಅಳದು ಕೊಡ್ತೇವಿ, ನಾಚ್ಕೋಬ್ಯಾಡ್ರಿ."

ದಾಸೋಹದ ಕಣಜಕ್ಕೆ ಬಿದ್ದದ್ದನ್ನು ಮರಳಿ ಮನೆಗೆ ತರುವ ಧೈರ್ಯ ನನಗಿರಲಿಲ್ಲ. ಆದರೆ ಆ ಜೋಳ ನನ್ನದೂ ಅಲ್ಲ. ಓಣಿಯ ಹೆಂಗಸರು ಗೋಡೆಗೆಂದು ಕೊಟ್ಟದ್ದನ್ನು ದೇವರಿಗೆ ಕೊಡಲು ನಾನು ಯಾರು? ಪುಣ್ಯದ ಕೆಲಸವೇ ಆಗಲಿ, ಬೇರೆಯವರ ಕೈಯಿಂದ ತೆಗೆದು ಮಾಡಿದರೆ ಅದು ಪುಣ್ಯವಾಗುವುದಿಲ್ಲ. "ಸದ್ಯಕ್ಕ ಇಲ್ಲೇ ಇರ್ಲಿ. ಕೊಟ್ಟವರನ್ನ ಕೇಳಿ ಬರ್ತೇನಿ" ಎಂದು ಹೇಳಿ ಬಂದೆ.

ಮೂರು ದಿನ ಮನೆ ಮನೆ ತಿರುಗಿದೆ. ಸೊಸೆ ಜೊತೆಗಿದ್ದಳು. ಮಳೆ ಅಷ್ಟು ದಿನ ಬಿಡುವು ಕೊಟ್ಟಿತ್ತು, ಅದು ದೇವರ ದಯೆ. ಇಲ್ಲದಿದ್ದರೆ ನಮ್ಮ ಕರಿಮಣ್ಣಿನ ಓಣಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತಿತ್ತು.

ಮೊದಲ ಮನೆ ಮೈದಾನದ ಎದುರಿನದು. ಆ ಮನೆಯವಳು ಖಾನಾವಳಿಗೆ ರೊಟ್ಟಿ ಮಾಡಿ ಕೊಡುವವಳು. ಬಾಗಿಲಲ್ಲೇ ಒಲೆ, ಬಾಗಿಲಲ್ಲೇ ರೊಟ್ಟಿಯ ಕಲ್ಲು. ಅವಳ ಮಗಳು ಸೊಸೆಯ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿ. ನಾನು ನಡೆದದ್ದೆಲ್ಲ ಹೇಳಿ, ನಿನ್ನ ಜೋಳ ವಾಪಸ್ ಬೇಕೇ ಎಂದು ಕೇಳಿದೆ. ಅವಳ ಕೈ ನಿಲ್ಲಲಿಲ್ಲ, ರೊಟ್ಟಿ ತಿರುಗುತ್ತಲೇ ಇತ್ತು.

"ಬಿಡ್ರಿ ಅಕ್ಕಾ. ಮಠಕ್ಕ ಹೋತಲ್ಲ, ಚೊಲೊ ಆತು. ಯಾರರೆ ಉಂಡ್ರು."

"ಗ್ವಾಡಿಗಿ ಕೊಟ್ಟಿದ್ದಿ. ಅದ್ಕ ಕೇಳಾಕ ಬಂದೇನಿ."

ಅವಳು ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ನಕ್ಕಳು. "ಖರೇ ಹೇಳ್ಲಿ ಏನ್ರಿ ಅಕ್ಕಾ? ಸಿಟ್ಟಾಗಬಾರ್ದು ಮತ್ತ. ಗ್ವಾಡಿ ಜ್ವಾಳ ಹೋತು ಅಂತ ಕೇಳಿ ನನ್ನ ಎದಿ ಹಗರಾತು."

"ಯಾಕ್ರಿ ಕಾಕು?" ಎಂದು ಸೊಸೆ ಥಟ್ಟನೆ ಕೇಳಿದಳು.

"ಯಾಕಂದ್ರ ನೋಡಿಲ್ಲಿ. ನಾ ಇಲ್ಲಿ ಕುಂತು ರೊಟ್ಟಿ ಬಡಿತೇನಿ, ನನ್ನ ಹುಡುಗಿ ಅಲ್ಲಿ ಓಡೋದು ಕಾಣ್ತದ. ಅದಕ್ಕ ಕಳಸ್ತೇನಿ. ಅವರಪ್ಪನೂ ಎಲ್ಲಿ ಹೋಗ್ಯಾಳ ಅಂತ ಕೇಳಂಗಿಲ್ಲ, ಕತ್ತ ತಿರುಗಿಸಿದ್ರ ಕಾಣ್ತಾಳ. ಗ್ವಾಡಿ ಕಟ್ಟಿ ಗೇಟ್ ಹಾಕ್ರಿ, ಮರುದಿನಾನೇ ಬ್ಯಾಡ ಅಂತಾನ."

"ಒಳಗ ನಾ ಇರ್ತೇನಲ್ರಿ!"

"ನೀ ಇರ್ತಿ ಯವ್ವಾ. ನಿನ್ನ ಮ್ಯಾಲ ನಂಬಿಕಿ ಅದ. ಗ್ವಾಡಿ ಮ್ಯಾಲ ಇಲ್ಲ."

ಸೊಸೆಗೆ ಸಿಟ್ಟು ಬಂತು. "ಮತ್ತ ಇಷ್ಟು ತಿಂಗಳು ಜ್ವಾಳ ಯಾಕ ಹಾಕಿದ್ರಿ?"

"ನಿಮ್ಮ ಮಾವ ಬಂದು ಜ್ವಾಳ ಕೊಡು ಅಂದ್ರು, ಕೊಟ್ಟೆ. ಹಿರ್ಯಾರಿಗಿ ಇಲ್ಲ ಅನ್ನಾಕ ಆಗ್ತದೇನು? ಗ್ವಾಡಿ ಬೇಕೇನವಾ ನಿನಗ ಅಂತ ಯಾರು ಕೇಳ್ಯಾರ?"

"ಆ ಮೊಬೈಲ್ ಹಿಡ್ಯೋ ಮಂದಿಗಿ ಏನ್ ಮಾಡ್ಲಿ ನಾನು?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಹೇಳಿದಳು. "ಅವರು ಯಾಕ ನಿಂದರ್ತಾರ? ಅಲ್ಲಿ ನಾವು ಯಾರೂ ಇಲ್ಲ, ಅದಕ್ಕ. ಕುಂದರ್ಲಾಕ ಒಂದು ಕಟ್ಟಿ ಹಾಕಿಸ್ರಿ. ನಾ ಸಂಜಿಗಿ ಕಾಳು ಹಸನ ಮಾಡಾಕ ಅಲ್ಲೇ ಬರ್ತೇನಿ. ನಾಕು ಮಂದಿ ಅವ್ವಂದಿರು ಕುಂತಲ್ಲಿ ಬೈಕ್ ನಿಂದರ್ಸೋ ಗಂಡಸ ಇನ್ನ ಹುಟ್ಟಿಲ್ಲ."

ಆ ಬಿಸಿ ರೊಟ್ಟಿಯನ್ನು ಅವಳು ನಮಗಿಬ್ಬರಿಗೂ ಮುರಿದು ಕೊಟ್ಟಳು, ಮೇಲೆ ಶೇಂಗಾ ಹಿಂಡಿ. ಸೊಸೆ ತಿನ್ನಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಂದಳು.

ಅದೊಂದೇ ಮನೆಯಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜೋಳ ವಾಪಸ್ ಕೇಳಿದವರು ಯಾರೂ ಇಲ್ಲ. ಆದರೆ ಜೋಳದ ಮಾತು ಮುಗಿದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು, ಗೋಡೆ ಬೇಡ. ಒಬ್ಬಳು, ಮಳೆ ಬಂದರೆ ಕರಿಮಣ್ಣು ಕಾಲಿಗೆ ಮೆತ್ತಿ ಹುಡುಗಿ ಬೀಳುತ್ತಾಳೆ, ಅದರ ಬದಲು ನೀರು ಇಂಗುವ ಮುರುಮ್ ಮಣ್ಣು ಹಾಕಿಸಿ ಎಂದಳು. ಇನ್ನೊಬ್ಬಳು ಧ್ವನಿ ತಗ್ಗಿಸಿ, "ಹುಡುಗೀರಿಗಿ ಹೋಗಾಕ ಒಂದು ಸಂಡಾಸ ಇಲ್ರಿ ಅಲ್ಲಿ, ತಿಂಗಳಾಗ ನಾಕು ದಿನಾ ನನ್ನ ಮಗಳು ಅದಕ್ಕೇ ಬರಂಗಿಲ್ಲ" ಎಂದಳು. ಸೊಸೆ ನಿಂತುಬಿಟ್ಟಳು. ಆ ಹುಡುಗಿ ಸೋಮಾರಿ ಎಂದು ಅವಳು ತಿಳಿದುಕೊಂಡಿದ್ದಳು, ಅದಕ್ಕೆ ಬೈದೂ ಇದ್ದಳು. ಮೂರನೆಯ ದಿನ ಮನೆಗೆ ಬರುವಾಗ ದಾರಿಯಲ್ಲಿ ಬೆರಳು ಮಡಿಸುತ್ತಾ ಹೇಳಿದಳು:

"ಅತ್ತಿ, ಗ್ವಾಡಿ ಆದ್ರ ಕಳಸಂಗಿಲ್ಲ ಅಂದವರು ಒಂಬತ್ತು ಮಂದಿ. ನನಗ ನಾಕು ಹುಡುಗೀರು ಉಳಿತಾರ. ನಾಕು ಹುಡುಗೀರನ್ನ ತಗೊಂಡು ಅಷ್ಟು ದೊಡ್ಡ ಗ್ವಾಡಿ ಒಳಗ ನಾ ಏನ್ ಆಡ್ಲಿ?"

ಅವಳ ಕಣ್ಣಲ್ಲಿ ನೀರಿತ್ತು. ಹೆಣ್ಣು ನೋಡಲು ಹೋದ ದಿನದ ಆ ಮುಖ ನೆನಪಾಯಿತು. ಅಂದು ಅವಳು ಕೇಳಿದ್ದು ಒಂದೇ. ಅದನ್ನು ನಾವೇ ಪ್ರೀತಿಯಿಂದ ಕಸಿದುಕೊಳ್ಳಲು ಹೊರಟಿದ್ದೆವು, ಅವಳೇ ಕೈ ಜೋಡಿಸಿದ್ದಳು.

ಭಾನುವಾರ ಕ್ಲಬ್ಬಿನವರು ಮತ್ತೆ ನಮ್ಮ ಅಂಗಳದಲ್ಲಿ ಕೂತರು. ಮತ್ತೆ ಮೊದಲಿನಿಂದ ಹಿಡಿ ಜೋಳ ಎತ್ತುವುದು ಹೇಗೆ ಎಂಬ ಮಾತು ನಡೆದಿತ್ತು. ನಾನು ಎಂದೂ ಸಭೆಯಲ್ಲಿ ಮಾತಾಡಿದವಳಲ್ಲ. ಆ ದಿನ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತೆ.

"ತಪ್ಪು ನಂದು. ಅದಕ್ಕ ಮನಿ ಮನಿ ಹೋಗಿ ಬಂದೇನಿ. ಜ್ವಾಳ ಎಲ್ಲಾರೂ ವಾಪಸ್ ಬ್ಯಾಡ ಅಂದ್ರು. ಗ್ವಾಡಿನೂ ಬ್ಯಾಡ ಅಂದ್ರು."

"ನಿನಗ ಇದರಾಗ ಏನ್ ತಿಳೀತದ? ಒಳಗ ನಡಿ" ಎಂದರು ಮನೆಯವರು. ಅವರು ಒರಟಾಗಿ ಹೇಳಲಿಲ್ಲ. ದಣಿದವರ ಹಾಗೆ ಹೇಳಿದರು.

ಆಗ ಸೊಸೆ ನನ್ನ ಪಕ್ಕದಿಂದ ಮುಂದೆ ಬಂದಳು. "ಮಾವಾ, ಗ್ವಾಡಿ ಬೇಕು ಅಂದಾಕಿ ನಾನೇ. ಈಗ ಬ್ಯಾಡ ಅನ್ನಾಕತ್ತಾಕಿನೂ ನಾನೇ" ಎಂದು, ಒಂದೊಂದು ಮನೆಯ ಮಾತನ್ನೂ ಇದ್ದ ಹಾಗೆ ಹೇಳಿದಳು. ಸಂಡಾಸದ ಮಾತನ್ನೂ ಬಿಡಲಿಲ್ಲ. ಗಂಡಸರು ಚಾಪೆಯ ಕಡ್ಡಿ ಕೀಳುತ್ತಾ ಕೇಳಿಸಿಕೊಂಡರು.

ಮನೆಯವರು ಮೈದಾನದ ಕಡೆ ತಿರುಗಿ ಕೂತರು. ಆಮೇಲೆ ಬಂದ ಮಾತು ನಾನು ಅಷ್ಟು ವರ್ಷ ಅವರ ಬಾಯಿಂದ ಕೇಳಿರಲಿಲ್ಲ. "ನಮ್ಮಪ್ಪ ಕೊಟ್ಟ ಜಾಗಾ ಅದು. ನಾ ಹೋದ ಮ್ಯಾಲ ಯಾರರೆ ಬಂದು ಗೂಟಾ ಬಡದು ನಂದು ಅಂದ್ರ? ಕಾಗದಾ ಯಾರು ನೋಡ್ತಾರ? ಸ್ಟೇಡಿಯಂ ನಿಂತಿದ್ರ ಇದು ಆಟದ ಜಾಗಾ ಅಂತ ಎಲ್ರಿಗೂ ಗೊತ್ತಿರ್ತದ. ನನ್ನ ಫಿಕರ್ ಅದು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಉತ್ತರ ಕೊಟ್ಟವರು ದರ್ಜಿ ಕಾಕಾ. ಆ ದಿನ ಅವರೂ ತಮಾಷೆ ಮಾಡಲಿಲ್ಲ.

"ಲೇ, ಇಷ್ಟು ವರ್ಷ ಗ್ವಾಡಿ ಇಲ್ದನೂ ಯಾಕ ಯಾರೂ ಗೂಟಾ ಬಡೀಲಿಲ್ಲ? ದಿನಾ ಅಲ್ಲಿ ಹುಡುಗೀರು ಓಡ್ತಾರ, ಅದಕ್ಕ. ಹುಡುಗೀರು ಬರೋದು ನಿಂತ ದಿನಾ ನೋಡು, ನಿನ್ನ ಗೇಟಿಗೆ ಕೀಲಿ ಬೀಳ್ತದ. ಕೀಲಿ ಯಾರ ಕಡೆ ಇರ್ತದೋ ಜಾಗಾ ಅವಂದು."

ಆ ದಿನ ಯಾರೂ ಕೈ ಎತ್ತಿ ನಿರ್ಧಾರ ಮಾಡಲಿಲ್ಲ. ನಮ್ಮಲ್ಲಿ ಮಾತು ಹಾಗೆ ಮುಗಿಯುವುದಿಲ್ಲ. ಚಹಾ ಆಯಿತು, ಎಲ್ಲರೂ ಎದ್ದರು, ಆದರೆ ಮತ್ತೆ ಹಿಡಿ ಜೋಳ ಎತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ವಾರ ಕ್ಲಬ್ಬಿನವರೇ ತಮ್ಮ ತಮ್ಮಲ್ಲಿ ಹಣ ಕೂಡಿಸಿ ಮುರುಮ್ ತರಿಸಿದರು. ಎರಡು ಸಣ್ಣ ಕೋಣೆ, ಒಂದು ಬಟ್ಟೆ ಬದಲಿಸಲು, ಒಂದು ಸಂಡಾಸ. ಹೊರಗೊಂದು ನಳ. ಸುತ್ತಲೂ ಫರಸಿ ಕಲ್ಲಿನ ಕೂರುವ ಕಟ್ಟೆ, ಮೊಣಕಾಲ ಮಟ್ಟದ್ದು. ಮುಂದೆ ಸರ್ಕಾರ ಸ್ಟೇಡಿಯಂ ಕಟ್ಟಿದರೆ ಕಟ್ಟಲಿ, ಕ್ಲಬ್ಬು ತನ್ನ ಕೈಯಿಂದ ಕಟ್ಟುವುದು ಇಷ್ಟೇ ಎಂದಾಯಿತು.

ನಾನು ವಿಭೂತಿಯ ಚೀಲವನ್ನೂ ಮಠಕ್ಕೆ ಮುಟ್ಟಿಸಿ, ಆ ಜೋಳವೂ ಅಲ್ಲೇ ಇರಲಿ ಎಂದು ಹೇಳಿ ಬಂದೆ. ಅಡಿಗೆಯವರು ಕೇಳಲಿಲ್ಲ, ಶ್ರಾವಣದ ಕೊನೆಯ ಸೋಮವಾರ ಹದಿಮೂರು ಹುಡುಗಿಯರೂ, ಅವರ ತಾಯಂದಿರೂ, ಕ್ಲಬ್ಬಿನವರೂ ಊಟಕ್ಕೆ ಬರಲೇಬೇಕು ಎಂದರು. ಹೋದೆವು. ಪಂಕ್ತಿಯಲ್ಲಿ ದರ್ಜಿ ಕಾಕಾ ರೊಟ್ಟಿ ಮುರಿದು, "ಇದು ಮ್ಯಾಲಿನ ಮೆಟ್ಟಿಲದ್ದು ಕಾಣ್ತದ, ಭಾಳ ಬಿರಸ ಅದ" ಎಂದರು. ಮನೆಯವರು ತಲೆ ಎತ್ತದೆ, "ನಿನಗ ಬಂದದ್ದು ಪಾಯದ ಕಲ್ಲು, ಸುಮ್ಮ ತಿನ್ನಲೇ" ಎಂದರು. ಅಷ್ಟು ದಿನಗಳಲ್ಲಿ ಅವರು ಆಡಿದ ಮೊದಲ ತಮಾಷೆ. ಹೆಂಗಸರ ಪಂಕ್ತಿಯಲ್ಲಿ ಕೂತಿದ್ದ ನಾನು ಅದನ್ನು ಕೇಳಿಸಿಕೊಂಡು, ತಟ್ಟೆಯ ಪಕ್ಕದಲ್ಲೇ ಒಂದು ಗೆಣ್ಣು ಎಣಿಸಿಕೊಂಡೆ.

ನನ್ನೊಂದಿಗೆ ಮಾತ್ರ ಅವರು ಇನ್ನೂ ಕೆಲವು ದಿನ ಹೆಚ್ಚು ಮಾತಾಡಲಿಲ್ಲ. ಊಟ ಬಿಡಲಿಲ್ಲ, ಅದೇ ದೊಡ್ಡದು. ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶೀಲ್ಡುಗಳ ಪಕ್ಕದಲ್ಲಿ ತೂಗುಹಾಕಿದರು. ನಾನು ಶೀಲ್ಡು ಒರೆಸುವಾಗ ಅದನ್ನೂ ಒರೆಸುತ್ತೇನೆ. ಅದರಲ್ಲಿ ಬಹಳ ಚೆಂದದ ಕಮಾನು ಇದೆ.

ಕಟ್ಟೆ ಕಟ್ಟುವ ದಿನ ಗೌಂಡಿ ಒಂದು ಮಟ್ಟಕ್ಕೆ ದಾರ ಹಿಡಿದಿದ್ದ. ಮನೆಯವರು ಕೋಲೂರಿಕೊಂಡು ಹೋಗಿ ಅದರ ಪಕ್ಕ ನಿಂತು, "ಇಷ್ಟು ತಗ್ಗು ಆದ್ರ ನನ್ನ ಮೊಣಕಾಲು ಮಡಚಂಗಿಲ್ಲ. ಇನ್ನೊಂದು ಕಲ್ಲು ಏರಸು" ಎಂದರು. ಗೌಂಡಿ ಏರಿಸಿದ. ಹೀಗಾಗಿ ನಮ್ಮ ಕಟ್ಟೆ ಬೇಕಾದದ್ದಕ್ಕಿಂತ ಒಂದು ಕಲ್ಲು ಎತ್ತರ, ಕೂತವರ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಓಣಿಯ ಹೆಂಗಸರು ಬೈಯುತ್ತಲೇ ಹತ್ತಿ ಕೂರುತ್ತಾರೆ. ರೊಟ್ಟಿಯವಳು ಮೊರ ತರುತ್ತಾಳೆ, ಇನ್ನೊಬ್ಬಳು ಮೆಂತ್ಯದ ಪಲ್ಲೆ ಸೋಸುತ್ತಾಳೆ. ಬೈಕುಗಳು ಒಂದೆರಡು ದಿನ ಬಂದು ನಿಂತವು. ಅವರ ಕಡೆ ನೋಡಿ ರೊಟ್ಟಿಯವಳು "ಬರ್ರಿ ತಮ್ಮಾ, ಕಾಳು ಹಸನ ಮಾಡಾಕ ಬಂದ್ರೇನು? ಮೊರ ಕೊಡ್ಲೇನು?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳಂತೆ. ಆಮೇಲೆ ಅವು ಬರಲಿಲ್ಲ.

ತಿಂಗಳಿಗೆ ನಾಲ್ಕು ದಿನ ತಪ್ಪಿಸುತ್ತಿದ್ದ ಹುಡುಗಿ ಈಗ ತಪ್ಪಿಸುವುದಿಲ್ಲ. ದೀಪಾವಳಿ ಆದ ಮೇಲೆ ಹದಿನಾಲ್ಕನೆಯವಳು ಬಂದಳು, ತಾಯಿಯ ಜೊತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು. ಸೊಸೆ ಈಗ ರೊಟ್ಟಿ ತಟ್ಟುವಾಗ ಸಂಖ್ಯೆ ಹೇಳುವುದನ್ನು ಬಿಟ್ಟಿದ್ದಾಳೆ. ಜಿಲ್ಲೆಯ ಪಂದ್ಯದಲ್ಲಿ ಆ ವರ್ಷ ಎರಡನೆಯ ಸುತ್ತಿಗೇ ಸೋತು ಬಂದರು. ಬಸ್ಸಿನಲ್ಲಿ ಹಾಡುತ್ತಾ ಬಂದರಂತೆ.

ಈ ವರ್ಷದ ಶ್ರಾವಣದಲ್ಲಿ ಮಠದ ಅಡಿಗೆಯವರು ಬಂದಾಗ ನಾನು ಮತ್ತೆ ಪೂಜೆಗೆ ಕೂತಿದ್ದೆ. ಒಳಕೋಣೆಯಲ್ಲಿ ಈಗ ಒಂದೇ ಚೀಲ, ಜಗಲಿಯ ಕೆಳಗೆ, ಹಳೆಯ ಜಾಗದಲ್ಲೇ. ಆದರೂ ನನ್ನ ಬಲಗೈ ಏಳುವುದನ್ನು ಕಂಡ ಕೂಡಲೇ ಅವರು ಅಂಗಳದಿಂದಲೇ ಎರಡೂ ಕೈ ಮುಗಿದರು.

"ಕೈ ಮಾಡಬ್ಯಾಡ್ರಿ ಅವ್ವಾ. ನಿಮ್ಮ ಪೂಜಾ ಮುಗೀಲಿ. ನಾ ಆ ಕಟ್ಟಿ ಮ್ಯಾಲ ಕುಂತಿರ್ತೇನಿ."

ಹೋಗಿ ಮೈದಾನದ ಕಟ್ಟೆಯ ಮೇಲೆ ಕೂತರು. ಅಲ್ಲಿ ಆಗಲೇ ನಮ್ಮ ಮನೆಯವರು ನೋಯುವ ಕಾಲು ಚಾಚಿಕೊಂಡು ಕೂತಿದ್ದರು. ಬೆಳಗಿನ ಕೆಲಸ ಮುಗಿಸಿ ಬಂದ ರೊಟ್ಟಿಯವಳು ಮೊರ ಹಿಡಿದು ನಿಂತು, "ಜರಾ ಸರೀರಿ ಅಣ್ಣಾರ, ನೀವು ಒಬ್ಬರೇ ಮೂರು ಮಂದಿ ಜಾಗಾ ಹಿಡದೀರಿ" ಎನ್ನುವುದು ಕಿಟಕಿಯಿಂದ ಕೇಳಿಸಿತು. ಮನೆಯವರು ಗೊಣಗುತ್ತಾ ಸರಿದರು. ಸೊಸೆ ಸೀಟಿ ಊದಿದಳು. ನಾನು ಕಣ್ಣನ್ನು ಲಿಂಗದ ಕಡೆ ತಂದೆ, ಕಿವಿಯನ್ನು ಇದ್ದಲ್ಲೇ ಬಿಟ್ಟೆ.